ಬಾರ್ಡರ್‌ಲೈನ್ ಗೆಡ್ಡೆ: ಡಬ್ಬಿಗೆ ಎರಡನೇ ಸಲ ಕೈ ಹಾಕಿದ್ದು

ಅಂಡಾಶಯದ ಬಾರ್ಡರ್‌ಲೈನ್ ಗೆಡ್ಡೆಯನ್ನು ಕ್ಯಾನ್ಸರ್ ಎನ್ನಲೂ ಆಗದು, ಅಪಾಯವಿಲ್ಲವೆಂದು ಕೈ ತೊಳೆದುಕೊಳ್ಳಲೂ ಆಗದು. ಜೀವಕೋಶಗಳು ಪದರ ಪದರವಾಗಿ ಬೆಳೆದಿರುತ್ತವೆ, ಆದರೆ ಕೆಳಗಿನ ಅಂಗಾಂಶವನ್ನು ನಾಶಮಾಡುತ್ತಾ ಒಳನುಗ್ಗಿರುವುದಿಲ್ಲ. ‘ನುಗ್ಗಿಲ್ಲ’ ಎಂದು ಬರೆಯಬೇಕಾದ, ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಪೆಥಾಲಜಿಸ್ಟ್ ಸಾಕಷ್ಟು ಹುಡುಕಿರಬೇಕು.

ಮೂವತ್ತೊಂದು ವರ್ಷದ ಮಹಿಳೆಯೊಬ್ಬರ 9 ಸೆಂ.ಮೀ. ಗೆಡ್ಡೆ ಶಸ್ತ್ರಚಿಕಿತ್ಸೆಯ ನಡುವೆಯೇ ನನ್ನ ಮೇಜಿಗೆ ಬಂತು. ಸೀಳಿದಾಗ ಒಳಗೋಡೆಯ ತುಂಬ ಹೂಕೋಸಿನಂಥ ಮೆತ್ತನೆಯ ಕುಚ್ಚುಗಳು. ಫ್ರೋಜನ್ ಸೆಕ್ಷನ್‌ಗೆ (ಅಂಗಾಂಶವನ್ನು ಹೆಪ್ಪುಗಟ್ಟಿಸಿ ಆಗಲೇ ಮಾಡುವ ಪರೀಕ್ಷೆ) ಎರಡು ತುಣುಕು ನೋಡುವಷ್ಟೇ ಸಮಯ. ‘ಸೀರಸ್, ಕನಿಷ್ಠ ಬಾರ್ಡರ್‌ಲೈನ್’ ಎಂದೆ. ಸೀರಸ್ ಎಂಬುದು ಅಂಡಾಶಯದ ಗೆಡ್ಡೆಗಳ ಒಂದು ಬಗೆ. ‘ಕನಿಷ್ಠ’ ಎಂಬ ಪದವನ್ನು ನಾನೆಂದೂ ಬಿಡುವುದಿಲ್ಲ. ಉಳಿದ ಭಾಗದಲ್ಲಿ ಏನಿದೆಯೋ ಆ ಹೊತ್ತಿಗೆ ಯಾರಿಗೂ ತಿಳಿದಿರುವುದಿಲ್ಲ. ಅವರಿಗೆ ಮಕ್ಕಳಾಗಿರಲಿಲ್ಲ. ಶಸ್ತ್ರಚಿಕಿತ್ಸಕರು ಗರ್ಭಕೋಶವನ್ನೂ ಇನ್ನೊಂದು ಅಂಡಾಶಯವನ್ನೂ ಉಳಿಸಿ, ಒಮೆಂಟಮ್ (ಕರುಳಿನ ಮುಂದೆ ಇಳಿಬಿದ್ದ ಕೊಬ್ಬಿನ ಪದರ) ಮತ್ತು ಪೆರಿಟೋನಿಯಮ್‌ನ (ಹೊಟ್ಟೆಯ ಒಳಪೊರೆ) ಮಾದರಿಗಳನ್ನು ಕಳುಹಿಸಿದರು.

ಸೆಂಟಿಮೀಟರಿಗೆ ಒಂದರಂತೆ ಒಂಬತ್ತು ಬ್ಲಾಕ್ (ಸ್ಲೈಡ್ ಮಾಡಲು ಮೇಣದಲ್ಲಿ ಹುದುಗಿಸುವ ತುಣುಕು) ತೆಗೆದೆ. ಆರನೆಯ ಸ್ಲೈಡಿನಲ್ಲಿ, ಅಗಲದ ಐದು ಪಟ್ಟು ಉದ್ದದ ಸಪೂರ ಎಳೆಗಳು ದಪ್ಪ ಕಾಂಡದಿಂದ ನೇರವಾಗಿ ಹೊರಟಿದ್ದವು, 5 ಮಿ.ಮೀ. ಮೀರಿ ಹಬ್ಬಿದ್ದವು. ಮೈಕ್ರೊಪ್ಯಾಪಿಲರಿ. ಈ ಮಾದರಿ ಕಂಡರೆ ಅಂಡಾಶಯದ ಹೊರಗೂ ಇಂಪ್ಲಾಂಟ್‌ಗಳು, ಅಂದರೆ ಗೆಡ್ಡೆಯ ಕೋಶಗಳ ಚಿಕ್ಕ ಗುಂಪುಗಳು, ಇರುವ ಸಂಭವ ಹೆಚ್ಚು. ಗೆಡ್ಡೆಯನ್ನು ಕೆಡದಂತೆ ಇಟ್ಟಿದ್ದ ಫಾರ್ಮಲಿನ್ ಡಬ್ಬಿಗೆ ಮತ್ತೆ ಕೈ ಹಾಕಿ ಬ್ಲಾಕ್‌ಗಳನ್ನು ಇಮ್ಮಡಿ ಮಾಡಿದೆ. ಕಣ್ಣಿಗೆ ಏನೂ ಕಾಣದ ಒಮೆಂಟಮ್‌ನಿಂದಲೂ ಇನ್ನಷ್ಟು ತೆಗೆದೆ.

ಅಲ್ಲಿ ಸಿಕ್ಕಿತು, ಸಾಸಿವೆ ಕಾಳಿಗಿಂತ ಚಿಕ್ಕ ಇಂಪ್ಲಾಂಟ್. ಇಡೀ ಮಧ್ಯಾಹ್ನ ಅದರ ಅಂಚನ್ನೇ ನೋಡಿದೆ. ರೋಗಿಯ ಮುಂದಿನ ದಾರಿ ಹೆಚ್ಚಾಗಿ ನಿರ್ಧಾರವಾಗುವುದು ಆ ಅಂಚಿನಲ್ಲಿ. ಕೊಬ್ಬನ್ನು ಕೊರೆದು ಒಳಹೊಕ್ಕಿದ್ದರೆ ಅದನ್ನೀಗ ಲೋ ಗ್ರೇಡ್ ಸೀರಸ್ ಕಾರ್ಸಿನೋಮ, ಅಂದರೆ ಕ್ಯಾನ್ಸರ್, ಎಂದೇ ಕರೆಯಬೇಕು. ಆದರೆ ಇದು ಮೇಲ್ಮೈಗೆ ಅಂಟಿಸಿದ ತೇಪೆಯಂತಿತ್ತು. ಕೆಳಗಿನ ಕೊಬ್ಬಿನ ಕೋಶಗಳು ಸಾಲು ಕೆಡದೆ ನಿಂತಿದ್ದವು. ಮತ್ತಷ್ಟು ಆಳಕ್ಕೆ ಕತ್ತರಿಸಿ ನೋಡಿದೆ, ಸಹೋದ್ಯೋಗಿಗೂ ತೋರಿಸಿದೆ. ‘ನಾನ್ ಇನ್ವೇಸಿವ್’ (ಒಳನುಗ್ಗಿಲ್ಲ) ಎಂದು ಬರೆದೆ, ಎಷ್ಟು ಬ್ಲಾಕ್ ನೋಡಿದ್ದೇನೆಂಬುದನ್ನೂ ಸೇರಿಸಿದೆ. ರಕ್ತದಲ್ಲಿ ಅಳೆಯುವ ಗೆಡ್ಡೆಯ ಸೂಚಕ ಸಿಎ 125 ಏರಿತ್ತು ನಿಜ, ಆದರೆ ಕ್ಯಾನ್ಸರ್ ಅಲ್ಲದ ಎಂಡೊಮೆಟ್ರಿಯೋಸಿಸ್‌ನಲ್ಲೂ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ರೋಗ) ಏರುವ ಆ ಸಂಖ್ಯೆಯಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಕೀಮೋಥೆರಪಿ ಕೊಡಲಿಲ್ಲ. ಹತ್ತು ಹದಿನೈದು ವರ್ಷಗಳ ಬಳಿಕವೂ ಮರುಕಳಿಸಬಹುದಾದ್ದರಿಂದ ತಪಾಸಣೆ ನಿಲ್ಲಿಸಬೇಡಿ ಎಂದು ಅವರಿಗೆ ನಾನೇ ಹೇಳಿದೆ. ಐದನೆಯ ವರ್ಷ ಉಳಿದ ಅಂಡಾಶಯದಲ್ಲಿ ಚಿಕ್ಕ ಚೀಲವೊಂದು ಕಾಣಿಸಿತು. ತೆಗೆದು ಕಳುಹಿಸಿದಾಗ ಹಳೆಯ ಸ್ಲೈಡುಗಳನ್ನು ಕಪಾಟಿನಿಂದ ತರಿಸಿ ಪಕ್ಕದಲ್ಲಿಟ್ಟು ನೋಡಿದೆ. ಅವೇ ಕೋಶಗಳು, ಅವೇ ಕುಚ್ಚುಗಳು. ಒಳನುಗ್ಗಿದ ಗುರುತು ಈ ಸಲವೂ ಇರಲಿಲ್ಲ.