ಚುಕ್ಕಿ ಎಣಿಸಿ ತೊರಕೆಯ ಹೆಸರು ಹಿಡಿದೆ

ಮಲ್ಪೆಯಲ್ಲಿ ಬೆಳೆದ ನನಗೆ ತೊರಕೆ, ಅಂದರೆ ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು, ಗೊತ್ತು. ಆದರೆ ಕೆಲಸ ಸಿಕ್ಕಿದ್ದು ಚೆನ್ನೈನಲ್ಲಿ, ಅಲ್ಲಿನ ಕಾಸಿಮೇಡು ಬಂದರಿನಲ್ಲಿ ಅದು ತಿರುಕ್ಕೈ. ನೀಲಿ ಚುಕ್ಕಿಯದ್ದು ಬಂದರೆ ನಾವೆಲ್ಲ ಕಣ್ಣುಮುಚ್ಚಿ 'ನಿಯೋಟ್ರೈಗಾನ್ ಕುಹ್ಲಿ' ಎಂಬ ವೈಜ್ಞಾನಿಕ ಹೆಸರು ಬರೆಯುತ್ತಿದ್ದೆವು. ಅದು ಒಂದಲ್ಲ, ಹಲವು ಜಾತಿ ಎಂದು ತಿಳಿದು, 2016ರಲ್ಲಿ ಆ ಹೆಸರು ಸೊಲೊಮನ್ ದ್ವೀಪಗಳ ಮೀನಿಗೆ ಮಾತ್ರ ಉಳಿಯಿತು. 2018ರಲ್ಲಿ ನಮ್ಮದು 'ನಿಯೋಟ್ರೈಗಾನ್ ಇಂಡಿಕಾ' ಆಯಿತು. ಹಳೆಯ ಲೇಬಲ್‌ಗಳು ಮಾತ್ರ ಹಾಗೇ ಇವೆ.

ಫೋಟೊದಲ್ಲಿ ಚುಕ್ಕಿ ಎಣಿಸಿಯೇ ಇದನ್ನು ಗುರುತಿಸಬಹುದು ಎಂದಾಗ ಜೊತೆಯವರು ಒಪ್ಪಲಿಲ್ಲ. "ಡಿಎನ್‌ಎ ಮಾಡಿಸಿ ಮುಗಿಸು ಮಾರಾಯ" ಎಂದರು.

ಮೊದಲ ಐದಾರು ತಿಂಗಳು ದುಡ್ಡು ನೀರುಪಾಲು. ಐಸ್ ಪೆಟ್ಟಿಗೆಯಿಂದ ಕೊಂಡ ನಲವತ್ತರಷ್ಟು ಮೀನಿನಲ್ಲಿ ಸಣ್ಣ ಚುಕ್ಕಿಗಳೇ ಅಳಿಸಿಹೋಗಿದ್ದವು. ಒಂದಿಷ್ಟನ್ನು ಕೆಡದಂತೆ ಫಾರ್ಮಲಿನ್ ದ್ರಾವಣಕ್ಕೆ ಹಾಕಿಟ್ಟೆ, ಆಮೇಲೆ ಅವುಗಳಿಂದ ಡಿಎನ್‌ಎ ಬರಲೇ ಇಲ್ಲ. ಹನ್ನೆರಡು ಸಾವಿರದ ಹತ್ತಿರ ಹೋಯಿತು, ಎಲ್ಲ ಕೈಯಿಂದಲೇ.

ಆಮೇಲೆ ಬೆಳಗಿನ ನಾಲ್ಕಕ್ಕೇ ದೋಣಿಯ ಬುಡಕ್ಕೆ ಹೋಗತೊಡಗಿದೆ. ಮೀನು ಮಾರುವ ಅಕ್ಕ ಒಬ್ಬರು ಐವತ್ತು ರೂಪಾಯಿ ಹೆಚ್ಚಿಗೆ ತೆಗೆದುಕೊಂಡು ಹೊಸದಾಗಿ ಇಳಿದದ್ದನ್ನು ಎತ್ತಿಡುತ್ತಿದ್ದರು. ಸಮುದ್ರದ ನೀರಲ್ಲೇ ಲೋಳೆ ತೊಳೆದು, ಕಪ್ಪು ಕೊಡೆಯ ಅಡಿಯಲ್ಲಿ ನೇರ ಮೇಲಿಂದ ಫೋಟೊ. ಆಗ ನೋಡಬೇಕು: ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟಿ, ಕಂದು ಬೆನ್ನಿನ ಮೇಲೆ ಕಪ್ಪು ಅಂಚಿನ ನೀಲಿ ಚುಕ್ಕಿಗಳು, ಒಂದೊಂದೂ ಬೇರೆ ಬೇರೆ. ಡಿಸ್ಕ್ (ತಟ್ಟೆಯಂಥ ಚಪ್ಪಟೆ ಮೈ) ಅಗಲದ ಶೇ 2ಕ್ಕಿಂತ ಕಿರಿದಾದವನ್ನು ಒಂದು ಕಡೆ, ದೊಡ್ಡವನ್ನು ಇನ್ನೊಂದು ಕಡೆ ಎಣಿಸಿದೆ. ಸಿಹಿನೀರಿನಲ್ಲೂ ತೊಳೆದು ನೋಡಿದೆ, ಫೋಟೊ ಮಬ್ಬಾಯಿತು. ಅದೇ ದಿನ ಬಾಲದ ಮುಳ್ಳು ಬೆರಳಿಗೆ ಚುಚ್ಚಿ, ಒಂದು ಗಂಟೆ ಬಿಸಿನೀರಿನಲ್ಲಿ ಕೈಯಿಟ್ಟು ಕೂತಿದ್ದೆ.

ಬಾಲಿಯಲ್ಲಿರುವ ಗೆಳೆಯ ಅಲ್ಲಿನ ಹತ್ತಿರದ ಸಂಬಂಧಿ ಜಾತಿ 'ಸೆರುಲಿಯೊಪಂಕ್ಟಾಟಾ'ದ ಹತ್ತು ಫೋಟೊ ಕಳಿಸಿದ. ನನ್ನ ಮೂವತ್ತರ ಜೊತೆ ಬೆರೆಸಿ, ಹೆಸರು ಮುಚ್ಚಿ ಎಣಿಸಿದೆ. ಒಂದನ್ನು ಬಿಟ್ಟು ಎಲ್ಲವೂ ಸರಿಯಾಗಿ ಬೇರೆಯಾದವು! ನನ್ನವುಗಳಲ್ಲಿ ಒಂಬತ್ತಕ್ಕೆ ಜಾತಿ ಗುರುತಿಸಲು ಬಳಸುವ ಸಿಒಐ ಜೀನಿನ ಸುಮಾರು 650 ಡಿಎನ್‌ಎ ಅಕ್ಷರ ಓದಿಸಿದೆ, ಒಂದಕ್ಕೆ ಏಳುನೂರು ರೂಪಾಯಿಯಂತೆ. ಒಂಬತ್ತೂ ಇಂಡಿಕಾವೇ. ನಗುತ್ತಿದ್ದವರೇ ಈಗ ಫೋಟೊ ಕಳಿಸಿ ಕೇಳುತ್ತಾರೆ.

ಐಸಿನಲ್ಲಿದ್ದ ಮೀನಿನಲ್ಲೂ ಚುಕ್ಕಿ ಮತ್ತೆ ಎದ್ದುಕಾಣುವಂತೆ ಮಾಡುವ ಉಪಾಯ ಒಂದಿದೆ. ಪ್ರಬಂಧ ಅಚ್ಚಾಗುವ ತನಕ ಅದನ್ನು ಹೇಳುವುದಿಲ್ಲ.