ನನ್ನ ಅನುಭವ: ಹದಿನಾಲ್ಕು ವಾರಗಳಲ್ಲಿ ನನ್ನ ಮಂಡಿಯನ್ನು ದಾರಿಗೆ ತಂದ ಬಗೆ

ನನ್ನ ಬಲ ಮಂಡಿಯ ನೋವು ಹೋಗಿ ಸುಮಾರು ಒಂದೂವರೆ ವರ್ಷವಾಯಿತು. ಅದು ಮತ್ತೆ ಮರುಕಳಿಸೀತೇ ಎಂದು ಕಾದು ನೋಡುವ ಉದ್ದೇಶದಿಂದ ಇಷ್ಟು ದಿನ ಏನನ್ನೂ ಬರೆದಿರಲಿಲ್ಲ. ನಾನು ಫಿಸಿಯೋಥೆರಪಿಸ್ಟ್. ಭಾರ ಹಾಕಿದರೆ ಮಂಡಿ ಇನ್ನಷ್ಟು ಹಾಳಾಗುತ್ತದೆ ಎಂದು ನಮ್ಮ ವೃತ್ತಿಯ ಹಿರಿಯರೇ ಎಚ್ಚರಿಸಿದ್ದ, ಮಂಡಿಗೆ ಹಂತ ಹಂತವಾಗಿ ಭಾರ ಹಾಕುವ ವಿಧಾನದಿಂದಲೇ ನಾನು ವಾಸಿಯಾದೆ. ಆಮೇಲೆ ಅದನ್ನು ನಲವತ್ತರ ಆಸುಪಾಸು ರೋಗಿಗಳಿಗೆ ಮಾಡಿಸಿದ್ದೇನೆ. ನನ್ನ ನೆನಪಿನಂತೆ ಅವರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ನೋವಿಲ್ಲದೆ ಮೆಟ್ಟಿಲು ಇಳಿಯುವ ಹಂತಕ್ಕೆ ಬಂದಿದ್ದಾರೆ. ಹೀಗಾಗಿ ಈಗ ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ.

ನೋವು ಮಂಡಿಚಿಪ್ಪಿನ ಸುತ್ತ ಇತ್ತು. ಮೆಟ್ಟಿಲು ಹತ್ತುವಾಗ ಅಷ್ಟಾಗಿ ಕಾಣದೆ ಇಳಿಯುವಾಗ ಚುಚ್ಚುತ್ತಿತ್ತು. ಬಹಳ ಹೊತ್ತು ಕುಳಿತು ಏಳುವಾಗ ಮೊದಲ ನಾಲ್ಕು ಹೆಜ್ಜೆ ಕುಂಟುತ್ತಿದ್ದೆ. ಎಂಆರ್‌ಐಯಲ್ಲಿ ಒಳಬದಿಯ ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆಯಂಥ ಮೃದ್ವಸ್ಥಿ) ಸ್ವಲ್ಪ ಹರಿದಿರುವುದು ಕಂಡಾಗ ಶಸ್ತ್ರಚಿಕಿತ್ಸೆಯ ಮಾತೂ ಬಂತು. ಆದರೆ ಕೀಲಿನ ಸಂದಿಯನ್ನು ಒತ್ತಿದರೆ ನನಗೆ ನೋಯುತ್ತಿರಲಿಲ್ಲ, ಮಂಡಿ ಸಿಕ್ಕಿಹಾಕಿಕೊಳ್ಳುತ್ತಲೂ ಇರಲಿಲ್ಲ. ಒಂಟಿಕಾಲಿನಲ್ಲಿ ಮೆಟ್ಟಿಲಿನಿಂದ ಕೆಳಕ್ಕೆ ಇಳಿದರೆ ಮಾತ್ರ ಅದೇ ಪರಿಚಿತ ನೋವು ಏಳುತ್ತಿತ್ತು. 2008ರಲ್ಲಿ ಪ್ರಕಟವಾದ, ಅಮೆರಿಕದ ಒಂದು ಊರಿನ ಜನರ ಮೇಲೆ ನಡೆದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ, ಮೆನಿಸ್ಕಸ್ ಹರಿದಿದ್ದವರ ಪೈಕಿ 61 ಶೇಕಡಾ ಜನರಿಗೆ ಅದರ ಹಿಂದಿನ ಒಂದು ತಿಂಗಳಲ್ಲಿ ಮಂಡಿ ನೋವೇ ಇರಲಿಲ್ಲ ಎಂಬುದು ನೆನಪಿಗೆ ಬಂತು. ಚಿತ್ರವನ್ನು ಬದಿಗಿಟ್ಟು, ಪರೀಕ್ಷೆಯಲ್ಲಿ ಕಂಡದ್ದನ್ನು ನಂಬಿದೆ.

ಹಾಗೆ ನಂಬಿದ ಮೇಲೂ ಏಳೆಂಟು ತಿಂಗಳು ದಾರಿ ತಪ್ಪಿದೆ. ಮೊದಲು ಎರಡು ತಿಂಗಳು ವಿಶ್ರಾಂತಿ ಕೊಟ್ಟೆ. ನೋವು ಇಳಿಯಿತು, ಅದರೊಂದಿಗೆ ತೊಡೆಯೂ ಇಳಿಯಿತು: ಮಂಡಿಚಿಪ್ಪಿನಿಂದ ಹತ್ತು ಸೆಂಟಿಮೀಟರ್ ಮೇಲೆ ಟೇಪು ಹಿಡಿದರೆ ಬಲಗಾಲು ಎಡಗಾಲಿಗಿಂತ ಎರಡು ಸೆಂಟಿಮೀಟರ್‌ಗೂ ಹೆಚ್ಚು ಸಣ್ಣದಾಗಿತ್ತು. ಮತ್ತೆ ಕೆಲಸಕ್ಕೆ ನಿಂತ ಒಂದೇ ವಾರದಲ್ಲಿ ನೋವು ಮೊದಲಿಗಿಂತ ಜೋರಾಗಿ ಮರಳಿತು. ಆಮೇಲೆ ತೊಡೆಯ ಒಳಬದಿಯ ಸ್ನಾಯುವೊಂದನ್ನೇ ಎಬ್ಬಿಸುತ್ತೇನೆಂದು ಸ್ಟಿಮ್ಯುಲೇಟರ್ (ಸಣ್ಣ ವಿದ್ಯುತ್ ಹರಿಸಿ ಸ್ನಾಯುವನ್ನು ಬಿಗಿಸುವ ಸಾಧನ) ಹಚ್ಚಿಕೊಂಡು ಆರು ವಾರ ಕಳೆದೆ. ಆ ಸ್ನಾಯುವನ್ನು ಬೇರೆ ಮಾಡಿ ದುಡಿಸಲು ಆಗುವುದಿಲ್ಲ, ದುಡಿದರೆ ತೊಡೆಯ ಮುಂಭಾಗದ ಇಡೀ ಸ್ನಾಯುಗುಂಪು, ಅಂದರೆ ಕ್ವಾಡ್ರಿಸೆಪ್ಸ್, ದುಡಿಯುತ್ತದೆ ಎಂಬುದನ್ನು ಓದಿದ್ದರೂ ಹಟ ಬಿಡಲಿಲ್ಲ. ಮಂಡಿಚಿಪ್ಪಿಗೆ ಅಂಟುಪಟ್ಟಿ ಹಚ್ಚುವ ಟೇಪಿಂಗ್ ಮಾತ್ರ ಹತ್ತು ನಿಮಿಷದಲ್ಲಿ ಹಾಯೆನಿಸುತ್ತಿತ್ತು. ಆದರೆ ಸಂಜೆಯ ಹೊತ್ತಿಗೆ ಅದೇ ಮೆಟ್ಟಿಲು, ಅದೇ ಚುಚ್ಚು.

ಎಲ್ಲಕ್ಕಿಂತ ದುಬಾರಿಯಾದದ್ದು ಯಂತ್ರ. ನನಗೂ ಆಗುತ್ತದೆ, ರೋಗಿಗಳಿಗೂ ಆಗುತ್ತದೆ ಎಂಬ ಲೆಕ್ಕದಲ್ಲಿ ಸುಮಾರು ಮೂರು ತಿಂಗಳ ಗಳಿಕೆಯನ್ನು ಸುರಿದು ಹೊಸ ಅಲ್ಟ್ರಾಸೌಂಡ್ ಯಂತ್ರ ತಂದೆ; ಸ್ಕ್ಯಾನ್ ಮಾಡುವುದಲ್ಲ, ಧ್ವನಿತರಂಗದಿಂದ ಚಿಕಿತ್ಸೆ ಕೊಡುವುದು. ಇಪ್ಪತ್ತು ಸಿಟ್ಟಿಂಗ್ ನನಗೆ ನಾನೇ ಕೊಟ್ಟುಕೊಂಡೆ. ಮೆಟ್ಟಿಲಿನ ನೋವಿನಲ್ಲಿ ಒಂದು ಅಂಕವೂ ವ್ಯತ್ಯಾಸವಾಗಲಿಲ್ಲ. ಮಾರುವಾಗ ಅರ್ಧ ಬೆಲೆಯೂ ಹುಟ್ಟಲಿಲ್ಲ.

ಕೊನೆಗೆ ಭಾರದ ವ್ಯಾಯಾಮಕ್ಕೆ ಕೈಹಾಕಿದಾಗಲೂ ಮೊದಲ ಸಲ ಎಡವಿದೆ. ಹತ್ತು ಸೆಂಟಿಮೀಟರ್ ಎತ್ತರದ ಮಣೆಯಿಂದ ಇಳಿಯುವ ಅಭ್ಯಾಸ ಎರಡು ವಾರ ಸಲೀಸಾಗಿ ನಡೆಯಿತೆಂದು, ಮೂರನೆಯ ವಾರ ಒಮ್ಮೆಗೇ ಇಪ್ಪತ್ತು ಸೆಂಟಿಮೀಟರ್‌ಗೆ ಹೋಗಿ, ಕೈಯಲ್ಲಿ ಡಂಬೆಲ್ ಕೂಡ ಹಿಡಿದೆ. ಮಾಡುವಾಗ ಏನೂ ಆಗಲಿಲ್ಲ. ಮರುದಿನ ಬೆಳಗ್ಗೆ ಮಂಡಿಚಿಪ್ಪಿನ ಒಳಬದಿಯ ತಗ್ಗು ತುಂಬಿಕೊಂಡಿತ್ತು. ಅಂಗೈಯಿಂದ ಮೇಲಕ್ಕೆ ಸವರಿ, ಹೊರಬದಿಯಿಂದ ಕೆಳಕ್ಕೆ ಸವರಿದರೆ ಒಳಗಿನ ನೀರು ಸಣ್ಣ ಅಲೆಯಂತೆ ಮರಳಿ ಬರುವುದು ಕಣ್ಣಿಗೆ ಕಾಣುತ್ತಿತ್ತು. ಊತ ಇಳಿಯಲು ಹತ್ತು ದಿನ ಬೇಕಾಯಿತು, ಆ ಅವಧಿಯಲ್ಲಿ ತೊಡೆಯನ್ನು ಬಿಗಿ ಹಿಡಿಯಲೂ ಆಗಲಿಲ್ಲ.

ನನ್ನ ವಿಧಾನ ಹುಟ್ಟಿದ್ದು ಆ ಹತ್ತು ದಿನಗಳಲ್ಲಿ. ವ್ಯಾಯಾಮ ಮಾಡುವಾಗಿನ ನೋವನ್ನು ನಾವೆಲ್ಲ ಕೇಳುತ್ತೇವೆ, ಬರೆದುಕೊಳ್ಳುತ್ತೇವೆ. ಆದರೆ ಹಿಂದಿನ ದಿನದ ಪ್ರಮಾಣ ಸರಿಯಾಗಿತ್ತೇ ಎಂಬುದನ್ನು ಮಂಡಿ ಹೇಳುವುದು ಮರುದಿನ ಬೆಳಗ್ಗೆ. ಆದ್ದರಿಂದ ದಿನವೂ ಎದ್ದ ಕೂಡಲೇ ಒಂದೇ ಮೆಟ್ಟಿಲನ್ನು ಒಂದೇ ರೀತಿ ಇಳಿದು, ಹತ್ತರಲ್ಲಿ ಎಷ್ಟು ನೋವೆಂದು ಪುಸ್ತಕದಲ್ಲಿ ಬರೆಯತೊಡಗಿದೆ. ಮಾಡುವಾಗ ನಾಲ್ಕರವರೆಗೆ ನೋವಿರಲಿ, ಚಿಂತೆಯಿಲ್ಲ. ಬೆಳಗಿನ ಅಂಕ ಹಿಂದಿನ ದಿನಕ್ಕಿಂತ ಏರಿದ್ದರೆ ಆ ದಿನ ಒಂದು ಹಂತ ಕೆಳಕ್ಕೆ. ಸಾಲಾಗಿ ಮೂರು ಅಭ್ಯಾಸದ ದಿನಗಳ ಮಾರನೆಯ ಬೆಳಗಿನ ಅಂಕ ಏರದೆ ಇದ್ದರೆ ಮಾತ್ರ ಮುಂದಕ್ಕೆ, ಅದೂ ಎತ್ತರ, ತೂಕ, ಎಣಿಕೆ ಈ ಮೂರರಲ್ಲಿ ಒಂದನ್ನು ಮಾತ್ರ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ತಿರುಗಿಬಿತ್ತೆಂದು ತಿಳಿಯುವುದಿಲ್ಲ.

ಮೊದಲ ಎರಡು ವಾರ ಕೇವಲ ಹಿಡಿತ: ಮಂಡಿಯನ್ನು ಅರವತ್ತು ಡಿಗ್ರಿಯಷ್ಟು ಮಡಚಿ, ತೊಡೆಯ ಸ್ನಾಯುವನ್ನು 45 ಸೆಕೆಂಡು ಬಲವಾಗಿ ಬಿಗಿ ಹಿಡಿದು, ಎರಡು ನಿಮಿಷ ಬಿಟ್ಟು, ಐದು ಸಲ. ಅದಾದ ಮೇಲೆ ದಿನ ಬಿಟ್ಟು ದಿನ ಹತ್ತು ಸೆಂಟಿಮೀಟರ್ ಮಣೆಯಿಂದ ಇಳಿಯುವುದು. ಮೆಟ್ರೋನೋಮ್ (ಸಮಾನ ಅಂತರದಲ್ಲಿ ಟಿಕ್ ಎನ್ನುವ ತಾಳಯಂತ್ರ) ಹಾಕಿಕೊಂಡು ಮೂರು ಸೆಕೆಂಡು ಕೆಳಕ್ಕೆ, ಮೂರು ಸೆಕೆಂಡು ಮೇಲಕ್ಕೆ. ಎಣಿಸುವುದನ್ನು ಬಾಯಿಗೆ ಬಿಟ್ಟರೆ ನೋವಿರುವ ಕೋನದಲ್ಲಿ ಎಲ್ಲರೂ ಬೇಗ ಜಾರಿಬಿಡುತ್ತಾರೆ, ನಾನೂ ಹಾಗೆಯೇ ಮಾಡುತ್ತಿದ್ದೆ. ಕುಳಿತು ಕಾಲು ನೀಡುವ ವ್ಯಾಯಾಮವನ್ನು 90ರಿಂದ 45 ಡಿಗ್ರಿಯೊಳಗೆ ಮಾತ್ರ ಇಟ್ಟುಕೊಂಡೆ. ಸೊಂಟದ ಬದಿಯ ಸ್ನಾಯುಗಳಿಗೆ ವಾರಕ್ಕೆ ಮೂರು ದಿನ ಮೀಸಲು. ಇದನ್ನು ವಿವರಿಸುವ ಅಗತ್ಯವಿಲ್ಲ. ಆರು ಎಣಿಕೆಯಿಂದ ಆರಂಭಿಸಿದವನು ಹದಿನಾಲ್ಕನೆಯ ವಾರದ ಕೊನೆಗೆ ಇಪ್ಪತ್ತು ಸೆಂಟಿಮೀಟರ್ ಎತ್ತರದಿಂದ, ಹನ್ನೆರಡು ಕಿಲೋ ಹಿಡಿದು, ಎಂಟರಂತೆ ನಾಲ್ಕು ಸರದಿ ಇಳಿಯುತ್ತಿದ್ದೆ. ತೊಡೆಯ ಅಂತರ ಸುಮಾರು ಅರ್ಧ ಸೆಂಟಿಮೀಟರ್‌ಗೆ ಬಂದಿತ್ತು. ಬೆಳಗಿನ ಅಂಕ ಆರರಿಂದ ಸೊನ್ನೆಗೆ, ಕೆಲವು ದಿನ ಒಂದಕ್ಕೆ. ಇಳಿಯುವಾಗ ದೃಷ್ಟಿ ಎಲ್ಲಿ ನೆಡಬೇಕು, ಮಣೆಯ ಮೇಲಿನ ಹಿಮ್ಮಡಿಯ ಭಾರವನ್ನು ಯಾವ ಕಡೆಗೆ ವಾಲಿಸಬೇಕು ಎಂಬ ಎರಡು ವಿಷಯಗಳನ್ನು ಇಲ್ಲಿ ಬರೆಯುತ್ತಿಲ್ಲ. ಅವನ್ನು ಬರಹದಲ್ಲಿ ಓದಿದವರು ತಪ್ಪಾಗಿಯೇ ಮಾಡುತ್ತಾರೆ. ಎದುರಿಗೆ ನಿಂತು ಕಲಿಸುತ್ತೇನೆ.

ನಡುವೆ ಒಂದೆರಡು ಬೇರೆ ಪ್ರಯೋಗಗಳನ್ನೂ ಮಾಡಿದೆ. ತೊಡೆಗೆ ಪಟ್ಟಿ ಕಟ್ಟಿ ರಕ್ತದ ಹರಿವನ್ನು ಭಾಗಶಃ ತಡೆದು, ಹಗುರ ತೂಕದಲ್ಲಿ 30, 15, 15, 15ರ ಎಣಿಕೆ ಮಾಡುವ ಕ್ರಮವನ್ನು ನಾಲ್ಕು ವಾರ ಎಡಗಾಲಿಗೂ ಬಲಗಾಲಿಗೂ ಪ್ರಯತ್ನಿಸಿದೆ. ಉರಿ ವಿಪರೀತ, ಆದರೆ ಮಂಡಿಗೆ ಕಿರಿಕಿರಿ ಕಡಿಮೆ; ಭಾರ ಸಹಿಸದ ಆರಂಭದ ದಿನಗಳಿಗೆ ಇದು ಒಳ್ಳೆಯ ಸೇತುವೆ ಎಂದು ನನ್ನ ಅಭಿಪ್ರಾಯ. ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ನಾನು ಇದನ್ನು ಮುಟ್ಟುವುದೇ ಇಲ್ಲ. ಓಟಕ್ಕೆ ಮರಳಿದಾಗ ನಿಮಿಷಕ್ಕೆ ಸುಮಾರು 160 ಇದ್ದ ಹೆಜ್ಜೆಗಳನ್ನು 170ರ ಹತ್ತಿರ ತಂದೆ; ವೇಗ ಅದೇ, ಹೆಜ್ಜೆ ಮಾತ್ರ ಗಿಡ್ಡ. ಎರಡನೆಯ ಕಿಲೋಮೀಟರಿಗೆ ಬರುತ್ತಿದ್ದ ನೋವು ಐದನೆಯದಕ್ಕೆ ಸರಿಯಿತು.

ಹಣದ ಪೆಟ್ಟನ್ನು ಮುಚ್ಚಿಡುವುದಿಲ್ಲ. ಯಂತ್ರದ ಚಿಕಿತ್ಸೆಗೆ ರೋಗಿ ಹತ್ತು ಹದಿನೈದು ದಿನ ಸತತವಾಗಿ ಬರುತ್ತಾರೆ. ಈ ವಿಧಾನದಲ್ಲಿ ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಬಂದರೆ ಸಾಕು. ಮೊದಲ ನಾಲ್ಕು ತಿಂಗಳು ನನ್ನ ಗಳಿಕೆ ಮೂರನೆಯ ಒಂದು ಭಾಗದಷ್ಟು ಕುಸಿಯಿತು. ವ್ಯಾಯಾಮ ಹೇಳಿ ಕಳಿಸಿಬಿಟ್ಟರು, ಏನೂ ಮಾಡಲಿಲ್ಲ ಎಂದು ದೂರಿ ಬೇರೆ ಕಡೆ ಹೋದವರೂ ಇದ್ದರು. ಆಗ ಮೊದಲ ಭೇಟಿಯನ್ನು ಒಂದು ಗಂಟೆಗೆ ಹೆಚ್ಚಿಸಿ, ಅದಕ್ಕೆ ತಕ್ಕ ಶುಲ್ಕ ನಿಗದಿ ಮಾಡಿದೆ. ವರ್ಷ ತುಂಬುವಷ್ಟರಲ್ಲಿ, ವಾಸಿಯಾದವರು ಕಳಿಸಿದ ಹೊಸಬರಿಂದಲೇ ಲೆಕ್ಕ ಸರಿದೂಗಿತು.

ಅರವತ್ತು ದಾಟಿದ ಒಬ್ಬ ನಿವೃತ್ತ ಶಿಕ್ಷಕಿ ಎರಡೂ ಮಂಡಿ ಸವೆದಿವೆ ಎಂಬ ಮಾತನ್ನು ತೀರ್ಪಿನಂತೆ ಹೊತ್ತುಕೊಂಡು ಬಂದಿದ್ದರು. ಕುರ್ಚಿಯಿಂದ ಮೂವತ್ತು ಸೆಕೆಂಡಿನಲ್ಲಿ ಏಳು ಸಲ ಏಳುತ್ತಿದ್ದವರು ಮೂರು ತಿಂಗಳಲ್ಲಿ ಹನ್ನೆರಡಕ್ಕೆ ಬಂದರು. ಅವರ ಪುಸ್ತಕ ನನ್ನದಕ್ಕಿಂತ ಅಚ್ಚುಕಟ್ಟು. ಪ್ರತಿ ಬೆಳಗಿನ ಅಂಕವನ್ನೂ ಕೆಂಪು ಶಾಯಿಯಲ್ಲಿ ಬರೆದಿದ್ದರು, ಒಂದು ದಿನವೂ ಬಿಟ್ಟಿರಲಿಲ್ಲ. ನಾನು ಹಿಂದೆ ಯಾರ ಕೈಕೆಳಗೆ ಕೆಲಸ ಮಾಡಿದ್ದೆನೋ ಆ ಹಿರಿಯರು, “ಸವೆದ ಕೀಲಿಗೆ ಇನ್ನೂ ಭಾರ ಹಾಕ್ತೀಯೇನಪ್ಪಾ?” ಎಂದು ಅಂದು ಕೇಳಿದ್ದರು. ಕಳೆದ ವರ್ಷ ಅವರೇ ಎಡ ಮಂಡಿ ಹಿಡಿದುಕೊಂಡು ಬಂದರು. ಆ ಶಿಕ್ಷಕಿಯ ಪುಸ್ತಕವನ್ನು, ಅವರ ಒಪ್ಪಿಗೆ ಪಡೆದು, ಮುಂದಿಟ್ಟೆ. ಹಿರಿಯರು ಪುಟಗಳನ್ನು ಕೊನೆಯವರೆಗೆ ತಿರುವಿ, ಶೂ ಬಿಚ್ಚಿ, ಹತ್ತು ಸೆಂಟಿಮೀಟರ್ ಮಣೆಯ ಮೇಲೆ ಹತ್ತಿ ನಿಂತರು. ಈಗ ಅವರು ಹದಿನೈದರಲ್ಲಿದ್ದಾರೆ.

ನನಗೆ ಉಳಿದಿರುವುದು ಒಂದೇ ತೊಡಕು: ಗಟ್ಟಿ ನೆಲದ ಮೇಲೆ ಮಂಡಿಯೂರಿದರೆ ಬಲಗಡೆ ಇನ್ನೂ ಎರಡರಷ್ಟು ನೋಯುತ್ತದೆ. ಮಡಚಿದ ಚಾಪೆಯ ಮೇಲೆ ದಿನಕ್ಕೆ ಒಂದು ನಿಮಿಷದಿಂದ ಶುರುಮಾಡಿ, ವಾರಕ್ಕೊಂದು ಮಡಿಕೆ ತೆಗೆಯುತ್ತಾ ಬಂದಿದ್ದೇನೆ. ಸದ್ಯ ಎರಡು ಮಡಿಕೆ ಉಳಿದಿವೆ.