'ಪ್ರಯಾಣ: ಇಲ್ಲ' ಅಂತ ಬರೆದಿದ್ದೆ

ಮಲೇರಿಯಾ ಹರಡದ ದೇಶದಲ್ಲಿ ಮಕ್ಕಳ ಡಾಕ್ಟರ್ ಆದವರಿಗೆ ಅದು ಪರೀಕ್ಷೆಗೆ ಓದಿ ಮರೆತ ಪಾಠ. ನಾನೂ ಮರೆತಿದ್ದೆ.

22 ದಿನದ ಹೆಣ್ಣುಕೂಸು. ಜ್ವರ, ಹಾಲು ಸರಿಯಾಗಿ ಎಳೆಯುತ್ತಿಲ್ಲ, ಮೈ ಬಿಳಿಚಿಕೊಂಡಿದೆ. ಈ ವಯಸ್ಸಿನಲ್ಲಿ ಜ್ವರ ಅಂದರೆ ಮೊದಲು ರಕ್ತದ ನಂಜು ಅಂತಲೇ ಹಿಡಿಯಬೇಕು, ಕಾಯುವಂತಿಲ್ಲ. ರಕ್ತ, ಮೂತ್ರ, ಬೆನ್ನುನೀರು ಕಲ್ಚರ್‌ಗೆ ಕಳಿಸಿ ಆಂಟಿಬಯೋಟಿಕ್ ಶುರು ಮಾಡಿದೆ. ಕೇಸ್ ಶೀಟಿನಲ್ಲಿ 'ಪ್ರಯಾಣ: ಇಲ್ಲ' ಅಂತ ಬರೆದೆ. 22 ದಿನದ ಕೂಸು ಎಲ್ಲಿಗೆ ಹೋಗಿರುತ್ತೆ, ಅಲ್ವಾ?

ಎರಡು ದಿನವಾದರೂ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಜ್ವರವೂ ಬಿಡಲಿಲ್ಲ. ಹಿಮೋಗ್ಲೋಬಿನ್ 8ಕ್ಕೆ ಇಳಿಯಿತು, ಪ್ಲೇಟ್‌ಲೆಟ್ 40 ಸಾವಿರ. ಎಡಪಕ್ಕೆಯ ಕೆಳಗೆ ಊದಿದ ಗುಲ್ಮ (ಸ್ಪ್ಲೀನ್) ಕೈಗೆ ಸಿಗುತ್ತಿತ್ತು. ನಾನು ಆಂಟಿಬಯೋಟಿಕ್ ಬದಲಿಸುವ ಯೋಚನೆಯಲ್ಲಿದ್ದೆ. ಅಷ್ಟರಲ್ಲಿ ಲ್ಯಾಬಿನ ಹಿರಿಯ ಟೆಕ್ನಿಷಿಯನ್, ಪ್ಲೇಟ್‌ಲೆಟ್ ನಿಜಕ್ಕೂ ಕಡಿಮೆಯೋ ಅಥವಾ ಗಂಟುಕಟ್ಟಿ ಯಂತ್ರದ ಲೆಕ್ಕ ತಪ್ಪಿದೆಯೋ ನೋಡೋಣ ಅಂತ ತಾವೇ ರಕ್ತದ ಸ್ಲೈಡ್ ಮಾಡಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ದರು. ಫೋನ್ ಬಂತು.

"ಡಾಕ್ಟ್ರೇ, ಈ ಮಗುವಿನ ತಾಯಿ ಯಾವ ದೇಶದವರು?"

ಹೋಗಿ ನೋಡಿದೆ. ಉಬ್ಬಿದ ಕೆಂಪುಕಣಗಳು, ಒಳಗೆ ಉಂಗುರ, ಸುತ್ತ ಸಣ್ಣ ಚುಕ್ಕೆಗಳು. ವೈವಾಕ್ಸ್, ಮಲೇರಿಯಾದ ಒಂದು ಬಗೆ.

ತಾಯಿ ಮಲೇರಿಯಾ ಇರುವ ದೇಶದಿಂದ ಬಂದು 11 ತಿಂಗಳಾಗಿತ್ತು. ಅಂದರೆ ಬಸುರಾಗುವ ಮೊದಲೇ ಬಂದವರು. ಏಳನೇ ತಿಂಗಳಲ್ಲಿ ನಾಲ್ಕು ದಿನ ಚಳಿಜ್ವರ ಬಂದು ತಾನಾಗೇ ಹೋಗಿತ್ತಂತೆ. ವೈವಾಕ್ಸ್ ಲಿವರ್‌ನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಮತ್ತೆ ಏಳುತ್ತೆ. ಅಲ್ಲಿಂದ ರಕ್ತಕ್ಕೆ, ಮಾಸಿನ ದಾರಿಯಲ್ಲೋ ಹೆರಿಗೆಯ ಹೊತ್ತಿನಲ್ಲೋ ಕೂಸಿಗೆ. ಅವರ ಸ್ಲೈಡಿನಲ್ಲಿ ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ. ಪಿಸಿಆರ್‌ನಲ್ಲಿ ಸಿಕ್ಕಿತು.

ಅವರು ಬಂದ ಕಡೆ ವೈವಾಕ್ಸ್‌ಗೆ ಕ್ಲೋರೋಕ್ವಿನ್ ಇನ್ನೂ ಕೆಲಸ ಮಾಡುತ್ತೆ, ಹಾಗಾಗಿ ಅದನ್ನೇ ಆರಿಸಿದೆ. ನನ್ನ ಕೈ ನಡುಗಿದ್ದು ಡೋಸ್ ಬರೆಯುವಾಗ. 250 ಮಿ.ಗ್ರಾಂ. ಕ್ಲೋರೋಕ್ವಿನ್ ಫಾಸ್ಫೇಟ್ ಮಾತ್ರೆಯಲ್ಲಿ ಬೇಸ್, ಅಂದರೆ ನಿಜವಾದ ಕ್ಲೋರೋಕ್ವಿನ್, ಇರುವುದು 150 ಮಾತ್ರ. ಡೋಸ್ ಲೆಕ್ಕ ಹಾಕುವುದು ಬೇಸ್‌ನಲ್ಲಿ: ಕಿಲೋಗೆ ಮೊದಲೆರಡು ದಿನ 10, ಮೂರನೇ ದಿನ 5. ನಮ್ಮ ಕೂಸಿನ ತೂಕ 3.4 ಕಿಲೋ, ಅಂದರೆ 34, 34, 17 ಮಿ.ಗ್ರಾಂ. ಇದು ಜಾಸ್ತಿಯಾದರೆ ಹೃದಯಕ್ಕೇ ಪೆಟ್ಟು. ಫಾರ್ಮಸಿಸ್ಟ್ ಬೇರೆಯಾಗಿ, ನಾನು ಬೇರೆಯಾಗಿ ಲೆಕ್ಕ ಮಾಡಿ ತಾಳೆ ನೋಡಿದೆವು. ಮಾತ್ರೆ ಪುಡಿಮಾಡಿ ಸಿರಪ್‌ನಲ್ಲಿ ಕಲಸಿ ಕೊಟ್ಟೆವು. ಕಹಿ ಅಂದರೆ ಕಹಿ, ಕೂಸು ಮೊದಲ ಸಲ ಪೂರ್ತಿ ಉಗುಳಿತು. ಮತ್ತೆ ಕೊಟ್ಟೆವು.

ಲಿವರ್‌ನಲ್ಲಿ ಮಲಗಿರುವ ವೈವಾಕ್ಸ್ ಕೊಲ್ಲುವ ಔಷಧಿ ಪ್ರೈಮಾಕ್ವಿನ್ ಕೊಡುವುದಿಲ್ಲವಾ ಅಂತ ಜೂನಿಯರ್ ಕೇಳಿದಳು. ಕೂಸಿಗೆ ಬೇಡ. ಲಿವರ್‌ಗೆ ಹೋಗುವುದು ಸೊಳ್ಳೆ ಬಿಡುವ ರೂಪ. ಇಲ್ಲಿ ಪರಾವಲಂಬಿ ನೇರ ರಕ್ತದಿಂದ ರಕ್ತಕ್ಕೆ ಬಂದಿದೆ, ಲಿವರ್‌ನಲ್ಲಿ ಮಲಗಿರುವುದು ಯಾವುದೂ ಇಲ್ಲ. ಇಷ್ಟು ಚಿಕ್ಕ ಮಗುವಿಗೆ ಅದನ್ನು ಕೊಡುವಂತೆಯೂ ಇಲ್ಲ. ತಾಯಿಗೆ ಮಾತ್ರ ಬೇಕೇಬೇಕು. ಆದರೆ ಹಾಲೂಡಿಸುತ್ತಿದ್ದರು. ಅವರಿಗೆ ಕ್ಲೋರೋಕ್ವಿನ್ ಕೋರ್ಸ್ ಮುಗಿಸಿ, ಆಮೇಲೆ ವಾರಕ್ಕೊಮ್ಮೆ ಅದನ್ನೇ ಮುಂದುವರಿಸಿದೆವು. ಕೂಸಿಗೆ ಆರು ತಿಂಗಳು ತುಂಬಿ, ಇಬ್ಬರ ಜಿ6ಪಿಡಿ (ಈ ಕಿಣ್ವ ಕಡಿಮೆಯಿದ್ದರೆ ಪ್ರೈಮಾಕ್ವಿನ್‌ನಿಂದ ಕೆಂಪುಕಣ ಒಡೆಯುತ್ತೆ) ಸರಿಯಿದೆ ಅಂತ ಖಾತ್ರಿಯಾದ ಮೇಲೆಯೇ ಪ್ರೈಮಾಕ್ವಿನ್ ಕೊಟ್ಟಿದ್ದು.

ಮೂರನೇ ದಿನ ಜ್ವರ ಬಿಟ್ಟಿತು. ಹಿಮೋಗ್ಲೋಬಿನ್ ಇನ್ನೂ ಸ್ವಲ್ಪ ಇಳಿದು, ನಮ್ಮನ್ನೆಲ್ಲ ಸುಮ್ನೆ ಹೆದರಿಸಿ, ಆಮೇಲೆ ಏರಿತು. ಶೀಟಿನಲ್ಲಿ 'ಪ್ರಯಾಣ' ಅಂತಿದ್ದಲ್ಲಿ ನಾನೀಗ 'ತಾಯಿ ಎಲ್ಲೆಲ್ಲಿ ಇದ್ದರು' ಅಂತ ಬರೆಯುತ್ತೇನೆ.

ಚಿಕಿತ್ಸೆ ಶುರುವಾದ 28ನೇ ದಿನದ ಸ್ಲೈಡ್ ನೋಡಿದ್ದೂ ಅದೇ ಟೆಕ್ನಿಷಿಯನ್. ಎರಡು ಸಲ ನೋಡಿ, ಏನೂ ಇಲ್ಲ ಅಂದರು.